ನಡುನೋವಿಗೆ ಹಾಸಿಗೆಯೇ ಮದ್ದಲ್ಲ

ಮೊರವನ್ನು ಮಡಿಲಲ್ಲಿಟ್ಟು ದಿನವಿಡೀ ಬಾಗಿ ಬೀಡಿ ಕಟ್ಟುವ ನಮ್ಮ ಕಾಸರಗೋಡಿನ ತಾಯಂದಿರಿಗೆ ನಡುನೋವಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಸೊಂಟ ಹಿಡಿದರೆ ವಾರಗಟ್ಟಲೆ ಮಲಗಿರಬೇಕೆಂದು ವೈದ್ಯರೇ ಒಮ್ಮೆ ವಿಧಿಸುತ್ತಿದ್ದರು. ಇಂದು ಆ ಮತ ಬದಲಾಗಿದೆ. ಮಲಗಿದಷ್ಟೂ ಬೆನ್ನಿನ ಸ್ನಾಯುಗಳು ಬಲಗುಂದುತ್ತವೆ; ಎಲ್ಲಿ ನೋಯುವುದೋ ಎಂಬ ಅಳುಕಿನಿಂದ ಮೈ ಬಿಗಿಯುತ್ತದೆ; ಬಿಗಿದ ಮೈ ಮತ್ತಷ್ಟು ನೋಯುತ್ತದೆ. ಉಸಿರಿನಲ್ಲಿ ಮನವಿಟ್ಟು ಮೆಲ್ಲನೆ ಮಾಡುವ ಮಾರ್ಜಾಲಾಸನದಂತಹ ಯೋಗಾಸನಗಳು, ಚೀನೀಯರ ತಾಯ್ ಚಿ ಮೊದಲಾದವು ಸಡಿಲಿಸುವುದು ಈ ಗಂಟನ್ನೇ.

ಮೂರು ತಿಂಗಳು ಮೀರಿದ ಸೊಂಟನೋವಿಗೆ ಮಾತ್ರೆಗಿಂತ ಮೊದಲು ಇಂತಹ ಉಪಾಯಗಳನ್ನು ಪ್ರಯೋಗಿಸಬೇಕೆಂದು ಅಮೆರಿಕನ್ ಕಾಲೇಜ್ ಆಫ್ ಫಿಜಿಶಿಯನ್ಸ್ 2017ರಲ್ಲಿ ಸಲಹೆಯಿತ್ತಿತು. ಅದೇ ವರ್ಷ ಪ್ರಕಟವಾದ, ಬಾಸ್ಟನ್ನಿನಲ್ಲಿ 320 ಮಂದಿಯ ಮೇಲೆ ನಡೆದ ಪರೀಕ್ಷೆಯಲ್ಲಿ 12 ವಾರಗಳ ಯೋಗವು ಫಿಸಿಯೋಥೆರಪಿಗೆ ಕಡಿಮೆಯೆನಿಸಲಿಲ್ಲ. ಯೋಗಾಭಿಮಾನಿಗಳಿಗೆ ರುಚಿಸದ ಸಂಗತಿಯೂ ಒಂದುಂಟು: ವಾಷಿಂಗ್ಟನ್ ರಾಜ್ಯದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಬರಿಯ ಮೈಚಾಚುವ ವ್ಯಾಯಾಮವೂ ಅಷ್ಟೇ ಗುಣವನ್ನು ನೀಡಿತು. ಆಸನದ ಹೆಸರಿಗಿಂತ ಬಿಡದೆ ಮಾಡುವುದೇ ಮುಖ್ಯವೆಂದು ನನಗೆ ತೋರುತ್ತದೆ.

ಆದರೆ ಕಾಲಿನ ಶಕ್ತಿ ಕುಂದಿದರೆ, ಮಲಮೂತ್ರಗಳ ಹಿಡಿತ ತಪ್ಪಿದರೆ, ನೋವಿನೊಡನೆ ಜ್ವರವೂ ಇದ್ದರೆ ಆಸನದ ಗೊಡವೆ ಬೇಡ. ಅಂದೇ ವೈದ್ಯರನ್ನು ಕಾಣಬೇಕು.