ನಿಮಗಿದು ಗೊತ್ತೇ? ಟಿಕ್ ಟಿಕ್ ಅನ್ನುವ ಗ್ಯಾಸ್ ಗೀಸರ್ ಏನು ಹೇಳುತ್ತಿದೆ

ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಮರ ಬಿದ್ದು ತಂತಿ ಹರಿದರೆ ಕೊಡಗಿನ ನಮ್ಮ ನಾಪೋಕ್ಲುವಿನಲ್ಲಿ ಕರೆಂಟು ಯಾವಾಗ ಬರುತ್ತದೆಂದು ಹೇಳುವಂತಿಲ್ಲ. ಬಚ್ಚಲೊಲೆಗೆ ಹಾಕುವ ಸೌದೆಯೂ ಹಸಿಯಾಗಿದ್ದರೆ ಬಿಸಿನೀರಿಗೆ ಉಳಿಯುವುದು ಗ್ಯಾಸ್ ಗೀಸರ್ ಒಂದೇ. ಅದು ಕೈಕೊಟ್ಟರೆ ರಿಪೇರಿಯವರು ಮಡಿಕೇರಿಯಿಂದಲೋ ವಿರಾಜಪೇಟೆಯಿಂದಲೋ ಬರಬೇಕು. ಕಾವೇರಿ ಉಕ್ಕಿ ರಸ್ತೆ ಮುಳುಗಿದರೆ ಆ ದಾರಿಯೂ ಮುಚ್ಚಿತು. ಆದ್ದರಿಂದ ಅದರ ಕಾಯಿಲೆಗಳನ್ನು ಒಂದಿಷ್ಟು ನಾವೇ ತಿಳಿದಿರುವುದು ಒಳ್ಳೆಯದು.

ಗ್ಯಾಸ್ ಗೀಸರಿನಲ್ಲಿ ಕಿಡಿ ಹಾರಿಸುವುದು ಟಾರ್ಚಿಗೆ ಹಾಕುವಂಥ ಎರಡು ದೊಡ್ಡ ಸೆಲ್‌ಗಳು. ಎರಡೂ ಸೇರಿ ಬರೀ 3 ವೋಲ್ಟ್. ನಲ್ಲಿ ತಿರುಗಿಸಿದರೂ ಟಿಕ್ ಟಿಕ್ ಸದ್ದೇ ಇಲ್ಲವೆಂದರೆ ಮೊದಲು ಸೆಲ್ ಬದಲಿಸಿ. ಮಳೆಗಾಲದ ತೇವಕ್ಕೆ ಸೆಲ್ ಕೂರುವ ತಗಡಿನ ಮೇಲೆ ಹಸಿರು ಕಿಲುಬು ಕಟ್ಟಿರುತ್ತದೆ, ಅದನ್ನೂ ಉಜ್ಜಿ ತೆಗೆಯಿರಿ.

ಸದ್ದು ಬರುತ್ತದೆ, ಬೆಂಕಿ ಮಾತ್ರ ಬರುವುದಿಲ್ಲವೇ? ಸಿಲಿಂಡರ್ ಖಾಲಿಯಾಗಿರಬಹುದು, ರೆಗ್ಯುಲೇಟರ್ ತಿರುಗಿಸಲು ಮರೆತಿರಬಹುದು. ಹೊಸ ಸಿಲಿಂಡರ್ ಹಾಕಿದ ಮೊದಲ ಸಲವಾದರೆ ಪೈಪಿನೊಳಗಿನ ಗಾಳಿ ಹೊರಹೋಗುವ ತನಕ ಎರಡು ಮೂರು ಬಾರಿ ನಲ್ಲಿ ತೆರೆದು ಮುಚ್ಚಬೇಕು. ಸೆಲ್ ಅರ್ಧ ಸತ್ತಿದ್ದರೂ ಹೀಗೇ ಆಗುತ್ತದೆ. ಕಿಡಿ ಹಾರಿಸುವಷ್ಟು ಶಕ್ತಿ ಅದರಲ್ಲಿ ಉಳಿದಿರುತ್ತದೆ, ಗ್ಯಾಸಿನ ಕವಾಟ ಎಳೆದು ತೆರೆಯುವಷ್ಟು ಇರುವುದಿಲ್ಲ.

ಗೀಸರನ್ನು ಎಬ್ಬಿಸುವುದು ನೀರೇ ಎಂಬುದು ನಿಮಗೆ ಗೊತ್ತೇ? ಹರಿಯುವ ನೀರು ಒಳಗಿನ ರಬ್ಬರ್ ಹಾಳೆಯನ್ನು ತಳ್ಳಬೇಕು, ಅದು ಸ್ವಿಚ್ಚನ್ನು ಒತ್ತಬೇಕು, ಆಮೇಲೆ ಕಿಡಿ. ಎಷ್ಟೋ ಮಾದರಿಗಳಿಗೆ ಕನಿಷ್ಠ 0.2 ಬಾರ್ ಒತ್ತಡ ಬೇಕು, ಅಂದರೆ ಟ್ಯಾಂಕಿನ ನೀರು ಗೀಸರಿಗಿಂತ ಸುಮಾರು ಏಳು ಅಡಿಯಾದರೂ ಮೇಲಿರಬೇಕು. ಹೆಂಚಿನ ಮನೆಯ ಪಕ್ಕ ಗಿಡ್ಡ ಕಟ್ಟೆಯ ಮೇಲೆ ಟ್ಯಾಂಕ್ ಕೂರಿಸಿದವರ ಗೀಸರ್ ಆಗಾಗ ಮುನಿಸಿಕೊಳ್ಳುವುದು ಇದಕ್ಕೇ. ಯಂತ್ರ ಬದಲಿಸಿದರೂ ಈ ತೊಂದರೆ ಹೋಗದು, ಟ್ಯಾಂಕ್ ಎತ್ತರಿಸಬೇಕು.

ಆದರೆ ನಿನ್ನೆಯವರೆಗೆ ಸರಿಯಿದ್ದ ಗೀಸರ್ ಇವತ್ತು ಹಟ ಹಿಡಿದರೆ ತಣ್ಣೀರು ಒಳಹೋಗುವ ಬಾಯಿ ನೋಡಿ. ಹೋದ ಮಳೆಗಾಲದಲ್ಲಿ ನಮ್ಮ ಮನೆಯಲ್ಲೂ ಇದೇ ಆಯಿತು. ನೀರು ನಿಲ್ಲಿಸಿ ನಟ್ಟು ಬಿಚ್ಚಿದೆ. ಒಳಗೆ ಒಂದು ರೂಪಾಯಿ ನಾಣ್ಯದಷ್ಟಗಲದ ಜಾಲರಿ. ಅದರ ಮೇಲೆ ಕೆಂಪು ಮಣ್ಣು, ಪಾಚಿ, ಪೈಪಿನ ಪ್ಲಾಸ್ಟಿಕ್ ಚೂರು ಒತ್ತಾಗಿ ಕೂತು ಬಿಸ್ಕತ್ತಿನಂತೆ ಗಟ್ಟಿಯಾಗಿತ್ತು. ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ, ವಾಷರ್ ತಿರುಚದಂತೆ ಕೂರಿಸಿದೆ. ಹತ್ತೇ ನಿಮಿಷದ ಕೆಲಸ. ನಲ್ಲಿ ತಿರುಗಿಸಿದೊಡನೆ ಭುಗ್ಗೆಂದು ನೀಲಿ ಜ್ವಾಲೆ.

ಬಕೆಟ್ಟಿನ ನಲ್ಲಿಗೆ ಹೊತ್ತಿಕೊಂಡು ಶವರಿಗೆ ಹೊತ್ತದಿದ್ದರೆ ಶವರಿನ ತೂತುಗಳು ಕಟ್ಟಿರಬಹುದು. ನೀರು ತೀರಾ ಬಿಸಿಯೆಂದು ತಣ್ಣೀರಿನ ನಲ್ಲಿಯನ್ನು ಜೋರಾಗಿ ಬೆರೆಸಿದರೂ ಗೀಸರಿನೊಳಗಿನ ಹರಿವು ಕುಗ್ಗಿ ಬೆಂಕಿ ಆರುತ್ತದೆ. ತಣ್ಣೀರು ಬೆರೆಸುವ ಬದಲು ಗ್ಯಾಸಿನ ಗುಂಡಿ ತಗ್ಗಿಸಿ. ಇನ್ನು 20 ನಿಮಿಷಕ್ಕೆ ತಾನಾಗಿ ನಿಂತರೆ ಅದು ಕೆಟ್ಟಿಲ್ಲ. ಹಲವು ಗೀಸರುಗಳನ್ನು ಹಾಗೆಯೇ ಮಾಡಿರುತ್ತಾರೆ, ಯಾಕೆಂಬುದು ಮುಂದೆ ತಿಳಿಯುತ್ತದೆ.

ಗ್ಯಾಸ್ ಎಷ್ಟು ಖರ್ಚಾಗುತ್ತದೆ ಅನ್ನುತ್ತೀರಾ? 20 ಲೀಟರಿನ ಒಂದು ಬಕೆಟ್ ನೀರನ್ನು 20 ಡಿಗ್ರಿಯಿಂದ 40ಕ್ಕೆ ಏರಿಸಲು ಸುಮಾರು 45 ಗ್ರಾಂ ಗ್ಯಾಸ್ ಸಾಕು. ಲೆಕ್ಕ ಹಾಕಿದರೆ 14.2 ಕಿಲೋ ಸಿಲಿಂಡರಿಗೆ 300 ಬಕೆಟ್ ಮೀರುತ್ತದೆ.

ಬಿಸಿನೀರಿನ ಗೀಸರಿಗೂ ವಿಮಾನಕ್ಕೂ ನಂಟಿದೆ! 1915ರಲ್ಲಿ ಪೂರ್ತಿ ಲೋಹದ ವಿಮಾನ ಹಾರಿಸಿದ ಜರ್ಮನಿಯ ಹ್ಯೂಗೋ ಯುಂಕರ್ಸ್ ಅದಕ್ಕೂ ಮೊದಲು ಮಾಡುತ್ತಿದ್ದುದು ಗ್ಯಾಸಿನ ನೀರುಕಾಯಿಸುವ ಯಂತ್ರಗಳನ್ನು. ‘ಗೀಸರ್’ ಎಂಬ ಹೆಸರು ಬಂದದ್ದು ಐಸ್‌ಲ್ಯಾಂಡಿನ ಬಿಸಿನೀರಿನ ಬುಗ್ಗೆಯಿಂದ. 1868ರಲ್ಲಿ ಲಂಡನ್ನಿನ ಬೆಂಜಮಿನ್ ಮಾನ್ ತನ್ನ ಯಂತ್ರಕ್ಕೆ ಆ ಹೆಸರಿಟ್ಟ. ಅವನ ಯಂತ್ರದಲ್ಲಿ ಹೊಗೆ ಹೊರಹೋಗಲು ಕೊಳವೆಯೇ ಇರಲಿಲ್ಲ. ಅದೇ ತಪ್ಪು ಇವತ್ತೂ ನಮ್ಮ ಬಚ್ಚಲುಗಳಲ್ಲಿ ಕಾಣುತ್ತದೆ.

ಜ್ವಾಲೆ ನೀಲಿಯಾಗಿರಬೇಕು. ಹಳದಿಯಾಗಿ ಉದ್ದಕ್ಕೆ ತೊನೆಯುತ್ತಿದ್ದರೆ, ಮೇಲ್ಭಾಗದಲ್ಲಿ ಮಸಿ ಹಿಡಿದಿದ್ದರೆ ಗಾಳಿ ಸಾಲುತ್ತಿಲ್ಲ ಎಂದರ್ಥ. ತೋಟದ ಮನೆಗಳಲ್ಲಿ ಜೇಡ ಮಾಡುವ ಕೆಲಸವೂ ಇದೇ. ಬರ್ನರಿನ ಗಾಳಿ ಎಳೆಯುವ ತೂತಿನೊಳಗೆ ಬಲೆ ನೇಯುತ್ತದೆ. ‘ಧಪ್’ ಎಂಬ ಸದ್ದಿನೊಂದಿಗೆ ತಡವಾಗಿ ಹೊತ್ತಿಕೊಂಡರೂ ಬರ್ನರ್ ಶುಚಿ ಮಾಡಿಸಲೇಬೇಕು. ಇದಕ್ಕೆ ನೀವೇ ಕೈ ಹಾಕಬೇಡಿ, ಬಲ್ಲವರನ್ನು ಕರೆಸಿ. ಅವರು ಬರುವ ತನಕ ಗೀಸರ್ ಹಚ್ಚಬೇಡಿ.

ಈಗ ಗಾಳಿಯ ವಿಷಯ, ನಾನು ಮುಖ್ಯವಾಗಿ ಹೇಳಬೇಕೆಂದಿದ್ದದ್ದು. ನಿಮಿಷಕ್ಕೆ 6 ಲೀಟರ್ ಬಿಸಿನೀರು ಕೊಡುತ್ತ 20 ನಿಮಿಷ ಉರಿದರೆ ಗೀಸರ್ 4,000 ಲೀಟರಿಗೂ ಹೆಚ್ಚು ಗಾಳಿ ಬಳಸುತ್ತದೆ. ಆರಡಿ ಉದ್ದ, ಐದಡಿ ಅಗಲ, ಎಂಟಡಿ ಎತ್ತರದ ಬಚ್ಚಲಿನಲ್ಲಿ ಇರುವುದೇ ಸುಮಾರು 6,800 ಲೀಟರ್. ಆಮ್ಲಜನಕ ತಗ್ಗಿದ ಹಾಗೆ ಬೆಂಕಿ ಅರ್ಧಂಬರ್ಧ ಉರಿದು ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಹಲವು ಗೀಸರುಗಳು 20 ನಿಮಿಷಕ್ಕೆ ತಾವಾಗಿ ನಿಲ್ಲುವುದು ಇದಕ್ಕೇ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸಿಲಿಂಡರಿನ ಗ್ಯಾಸ್ ಸೋರಿದರೆ ಮೂಗಿಗೆ ಬಡಿಯುವುದು ಅದಕ್ಕೆ ಬೆರೆಸಿದ ಮರ್ಕ್ಯಾಪ್ಟನ್ ವಾಸನೆ. ಈ ವಿಷಕ್ಕೆ ಅಂಥ ಗುರುತಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟುತ್ತದೆ.

ನಮ್ಮೂರಿನಲ್ಲಿ ಅಪಾಯ ಇನ್ನೂ ಹೆಚ್ಚು. ಚಳಿಗಾಳಿಗೆ ಕಿಟಕಿ ಮುಚ್ಚುತ್ತೇವೆ. ಎಕ್ಸಾಸ್ಟ್ ಫ್ಯಾನ್ ಇದೆ ಎಂದು ನಂಬುತ್ತೇವೆ, ಆದರೆ ಗ್ಯಾಸ್ ಗೀಸರ್ ಹೆಚ್ಚು ಉರಿಯುವುದೇ ಕರೆಂಟ್ ಇಲ್ಲದ ದಿನ. ಆ ದಿನ ಫ್ಯಾನೂ ತಿರುಗುವುದಿಲ್ಲ. 2025ರ ಅಕ್ಟೋಬರಿನಲ್ಲಿ ನಮ್ಮ ಜಿಲ್ಲೆಯ ಗಡಿಯಾಚೆಯ ಪಿರಿಯಾಪಟ್ಟಣದಲ್ಲಿ ಸ್ನಾನಕ್ಕೆ ಹೋದ ಅಕ್ಕತಂಗಿಯರು ಜೀವಂತ ಹೊರಬರಲಿಲ್ಲ, ಗ್ಯಾಸ್ ಗೀಸರಿನ ಅನಿಲವೇ ಕಾರಣವೆಂದು ಸುದ್ದಿಯಾಯಿತು. ಆ ಸುದ್ದಿ ಓದಿದ ವಾರವೇ ನಮ್ಮ ಗೀಸರನ್ನು ಬಚ್ಚಲಿನಿಂದ ಕಿತ್ತು ಹಿಂದಿನ ಜಗಲಿಯ ಗೋಡೆಗೆ ಹಾಕಿಸಿದೆ. ಒಳಗೆ ಬರುವುದು ಬಿಸಿನೀರಿನ ಪೈಪ್ ಮಾತ್ರ. ಹಾಗೆ ಮಾಡಲಾಗದವರು ಮೊದಲು ಬಕೆಟ್ ತುಂಬಿಸಿಕೊಂಡು, ಗೀಸರ್ ಆರಿಸಿ, ಕಿಟಕಿ ತೆರೆದೇ ಸ್ನಾನ ಮಾಡಿ.

ಕಿತ್ತಳೆ ಬಣ್ಣದ ಗ್ಯಾಸ್ ಕೊಳವೆಯನ್ನು 5 ವರ್ಷಕ್ಕೊಮ್ಮೆ ಬದಲಿಸಬೇಕು. ಸೋರಿಕೆ ಪರೀಕ್ಷೆಗೆ ಸಾಬೂನಿನ ನೊರೆ ಹಚ್ಚಿ, ಬೆಂಕಿಕಡ್ಡಿ ಬೇಡ. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟದೆ ಹೊರಗೆ ಬಂದು 1906ಕ್ಕೆ ಕರೆ ಮಾಡಿ.

ಬಚ್ಚಲಿನಲ್ಲಿ ಯಾರಾದರೂ ಬಿದ್ದರೆ ‘ಬಿಸಿನೀರಿಗೆ ಮೂರ್ಛೆ ಬಂತು’ ಎನ್ನುವುದುಂಟು. ತಲೆಗೆ ಬಿಸಿನೀರು ಹುಯ್ದಾಗ ಬರುವ ಅಪಸ್ಮಾರ ನಿಜಕ್ಕೂ ಇದೆ. ಮೈಸೂರು ಸೀಮೆಯಲ್ಲಿ ಹೆಚ್ಚು ಕಂಡುಬರುವ ಅದನ್ನು ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಅಧ್ಯಯನ ಮಾಡಿದ್ದಾರೆ. ಆದರೆ ಒಳಗೆ ಗ್ಯಾಸ್ ಗೀಸರ್ ಇದ್ದರೆ ಮೊದಲು ಬಾಗಿಲು ಒಡೆದು ಗಾಳಿಗೆ ಎಳೆತನ್ನಿ, ಗ್ಯಾಸ್ ನಿಲ್ಲಿಸಿ, 108ಕ್ಕೆ ಕರೆ ಮಾಡಿ. ಕೋವಿಡ್ ಕಾಲದಲ್ಲಿ ಕೊಂಡ ಬೆರಳಿನ ಆಕ್ಸಿಮೀಟರನ್ನು ನಂಬಿ ಕೂರಬೇಡಿ. ಕಾರ್ಬನ್ ಮಾನಾಕ್ಸೈಡ್ ಅಂಟಿದ ರಕ್ತವನ್ನೂ ಅದು ಆಮ್ಲಜನಕ ತುಂಬಿದ ರಕ್ತವೆಂದೇ ಓದಿ 98 ತೋರಿಸಬಹುದು. ಆಸ್ಪತ್ರೆಯಲ್ಲಿ ಬಾಯಿಬಿಟ್ಟು ಹೇಳಬೇಕಾದ ಮೊದಲ ಮಾತು, ‘ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಉರಿಯುತ್ತಿತ್ತು.’