ನಿಲ್ಲಿಸಿಟ್ಟ ಟ್ರ್ಯಾಕ್ಟರ್: ಒಡೆಯೋದು ಮಂಜುಗಡ್ಡೆಯಿಂದಷ್ಟೇ ಅಲ್ರಿ

ಭತ್ತದ ಕೊಯ್ಲಿಗೆ ನಾರಾಯಣಪುರ ಎಡದಂಡೆ ಕಾಲುವೆ ಭಾಗಕ್ಕೆ ಹೊರರಾಜ್ಯದ ಕಟಾವು ಯಂತ್ರಗಳು ಬರ್ತಾವ. ಹೋದ ಡಿಸೆಂಬರ್‌ನಲ್ಲಿ ಶಹಾಪುರ ಹತ್ತಿರದ ನಮ್ಮ ಹೊಲಕ್ಕೆ ಬಂದಿದ್ದ ಚಾಲಕ ಮೊದಲು ಲಡಾಖ್ ಕಡೆ ಲಾರಿ ಓಡಿಸಿದವ. ಬೆಳಗ್ಗೆ ನಾನು ರೇಡಿಯೇಟರಿಗೆ ಬೋರಿನ ನೀರು ಹಾಕೋದು ನೋಡಿ, "ಅಲ್ಲಿ ಹಿಂಗ ಮಾಡಿದ್ರೆ ಒಂದೇ ರಾತ್ರಿಗೆ ಎಂಜಿನ್ ಒಡೀತದ" ಅಂದ.

ಅವನ ಮಾತು ಸುಳ್ಳಲ್ಲ. ನೀರು ಹೆಪ್ಪುಗಟ್ಟಿದಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಬೀಡುಕಬ್ಬಿಣ ಹಿಗ್ಗೋದಿಲ್ಲ, ಸೀಳುತ್ತದೆ. ಎಂಜಿನ್ ಬದಿಯಲ್ಲಿ ಬಿಲ್ಲೆಯಂಥ ತಗಡಿನ ಮುಚ್ಚಳ ಇರ್ತಾವಲ್ಲ, ಅವು ಹೊರಗೆ ಹಾರಿ ಎಂಜಿನ್ ಉಳಿಸ್ತಾವ ಅಂತ ಕೆಲವರ ನಂಬಿಕೆ. ಅಸಲಿಗೆ ಅವು ಎಂಜಿನ್ ಎರಕ ಹೊಯ್ಯುವಾಗ ಉಳಿದ ತೂತು ಮುಚ್ಚಲಿಕ್ಕೆ ಹಾಕಿದವು. ಹಾರಿದ್ರೆ ಅದೃಷ್ಟ, ಅಷ್ಟೇ.

ನಾನು ನಕ್ಕು ಬಿಟ್ಟೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಯಾದಗಿರಿ ಜಿಲ್ಲೆಯಲ್ಲಿ ಮಂಜುಗಡ್ಡೆ ಅಂದ್ರೆ ಆಲಿಕಲ್ಲು ಮಾತ್ರ!

ಏಪ್ರಿಲ್‌ನಲ್ಲಿ ನಿಲ್ಲಿಸಿದ ಟ್ರ್ಯಾಕ್ಟರನ್ನು ಮೃಗಶಿರಾ ಮಳೆಗೆ, ಹೆಸರು ಬಿತ್ತಲಿಕ್ಕೆ ಚಾಲೂ ಮಾಡಿದೆ. ಅರ್ಧ ತಾಸಿಗೆ ಮುಳ್ಳು ಕೆಂಪಿಗೆ ಬಂತು. ಸುರಪುರದ ಮೆಕ್ಯಾನಿಕ್ ಬಿಚ್ಚಿ ತೋರಿಸಿದಾಗ ಎದೆ ಧಸಕ್ಕೆಂದಿತು. ರೇಡಿಯೇಟರ್ ನಳಿಗೆಗಳಲ್ಲಿ ಬಿಳೀ ಸುಣ್ಣ ಕಟ್ಟಿತ್ತು, ಅದೇ ಬಿಲ್ಲೆ ಮುಚ್ಚಳ ತುಕ್ಕು ತಿಂದು ಹಪ್ಪಳದಂತಾಗಿ ಹನಿ ಹಾಕ್ತಿತ್ತು. ಗಡಸು ನೀರು ಕಾದಾಗ ಸುಣ್ಣ ಬಿಡ್ತದ, ನಿಂತಾಗ ತುಕ್ಕು ಹಿಡಿಸ್ತದ. ನೀರಿನ ಮಟ್ಟ ಇಳಿದು ಅರ್ಧ ಹಸಿ, ಅರ್ಧ ಗಾಳಿ ಇದ್ದಲ್ಲಿ ತುಕ್ಕು ಇನ್ನೂ ಜೋರು. ರೇಡಿಯೇಟರ್ ಬದಲಿಸೋದ್ರೊಳಗ ಭೂಮಿಯ ಹದ ಆರಿತು. ಆ ಎರಡು ಎಕರೆಗೆ ಹೆಸರು ಬೀಳಲೇ ಇಲ್ಲ.

ಕೂಲಂಟ್ ಥಂಡಿ ಸೀಮೆಯವರಿಗೆ ಅಂತ ನಾವು ತಿಳಿದದ್ದೇ ತಪ್ಪು. ಅದರಲ್ಲಿರುವ ಗ್ಲೈಕಾಲ್ ನೀರನ್ನು ಹೆಪ್ಪುಗಟ್ಟಲು ಬಿಡೋದಿಲ್ಲ, ಕುದಿಯುವ ಮಟ್ಟವನ್ನೂ ಏರಿಸ್ತದ. ನಮಗೆ ಅದಕ್ಕಿಂತ ಮುಖ್ಯ ಅದರೊಳಗಿನ ತುಕ್ಕು ತಡೆಯುವ ರಾಸಾಯನಿಕ. ಅದು ಕಾಲಕ್ರಮೇಣ ಸವೀತದ, ಹಂಗಾಗಿ ಟ್ರ್ಯಾಕ್ಟರ್ ಪುಸ್ತಕದಲ್ಲಿ ಹೇಳಿದ ಅವಧಿಗೆ ಬದಲಿಸಬೇಕು. ಗಟ್ಟಿ ಕೂಲಂಟ್ ಆದ್ರೆ ಬ್ಯಾಟರಿಗೆ ಹಾಕೋ ಶುದ್ಧ ನೀರಿನ ಜೊತೆ ಸಾಮಾನ್ಯವಾಗಿ ಅರ್ಧಕ್ಕರ್ಧ. ಬೋರಿನ ನೀರು ಬ್ಯಾಡ್ರಿ. ಬರೀ ಕೂಲಂಟನ್ನೇ ಸುರಿದ್ರೂ ನಷ್ಟ, ಅದು ನೀರಿನಷ್ಟು ಶಾಖ ಹೊರೋದಿಲ್ಲ. ಬಿಸಿ ಎಂಜಿನ್ ಮುಚ್ಚಳ ಮಾತ್ರ ತೆಗೀಬ್ಯಾಡ್ರಿ, ಮುಖಕ್ಕೇ ಚಿಮ್ಮತದ.

ಇನ್ನೊಂದು ಮಾತು, ಇದನ್ನ ಮರೀಬ್ಯಾಡ್ರಿ. ಹೆಚ್ಚಿನ ಕೂಲಂಟ್‌ಗಳಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಆದ್ರೆ ವಿಷ. ಕೊಟ್ಟಿಗೆ ಮುಂದೆ ಹರಿಬಿಟ್ರೆ ನಾಯಿ, ಕರು ನೆಕ್ಕಿ ಸಾಯ್ತಾವ. ಹಳೇ ಕೂಲಂಟನ್ನು ಕ್ಯಾನಿಗೆ ತುಂಬಿ, ಮುಚ್ಚಳ ಬಿಗಿದು, ಮಕ್ಕಳ ಕೈಗೆ ಸಿಗದಂಗ ಮೇಲಿಟ್ಟು, ಗ್ಯಾರೇಜಿಗೆ ಹೋಗುವಾಗ ಒಯ್ದು ಕೊಡ್ರಿ.