ಆಫೀಸಿನ ಕಂಪ್ಯೂಟರ್‌ಗಳ ಲೆಕ್ಕ ಇಡುವವರು ಯಾರು?

ಪ್ರಶ್ನೆ: ಯಾರೂ ನನ್ನ ಟೇಬಲ್ ಹತ್ತಿರ ಬಂದು ನೋಡಿಲ್ಲ. ಆದರೂ ಐಟಿ ವಿಭಾಗದ ಪಟ್ಟಿಯಲ್ಲಿ ನನ್ನ ಲ್ಯಾಪ್‌ಟಾಪಿನ ಸೀರಿಯಲ್ ನಂಬರ್ ಸಮೇತ ಎಲ್ಲ ವಿವರ ಇದೆ. ಹೇಗೆ?

ಉತ್ತರ: ಇದು ನೆಟ್‌ವರ್ಕ್ ಡಿಸ್ಕವರಿ ತಂತ್ರಾಂಶದ ಕೆಲಸ. 192.168.1.1ರಿಂದ 192.168.1.254ರವರೆಗಿನ ಐಪಿ ವಿಳಾಸಗಳಲ್ಲಿ ಹುಡುಕು ಎಂದು ಹೇಳಿದರೆ, ಅದು ಪ್ರತಿ ವಿಳಾಸಕ್ಕೂ ಪಿಂಗ್ ಕಳಿಸಿ ಯಾರು ಉತ್ತರಿಸುತ್ತಾರೆಂದು ನೋಡುತ್ತದೆ. ಪಿಂಗ್‌ಗೆ ಓಗೊಡದ ಎಷ್ಟೋ ಸಾಧನಗಳು ರೂಟರ್, ಸ್ವಿಚ್‌ಗಳ ಕೋಷ್ಟಕಗಳಲ್ಲಿ ಸಿಕ್ಕಿಬೀಳುತ್ತವೆ. ಅಲ್ಲಿರುವ 48 ಬಿಟ್‌ಗಳ ಮ್ಯಾಕ್ ವಿಳಾಸದಲ್ಲಿ (ನೆಟ್‌ವರ್ಕ್ ಕಾರ್ಡಿನ ಗುರುತುಸಂಖ್ಯೆಯಲ್ಲಿ) ಮೊದಲ 24 ಬಿಟ್ ಸಾಮಾನ್ಯವಾಗಿ ತಯಾರಕರ ಗುರುತು.

ಆಮೇಲೆ ವಿಚಾರಣೆ. ಪ್ರಿಂಟರ್, ಸ್ವಿಚ್‌ಗಳನ್ನು ಎಸ್‌ಎನ್‌ಎಂಪಿ ಮೂಲಕ, ವಿಂಡೋಸ್ ಯಂತ್ರಗಳನ್ನು ಡಬ್ಲ್ಯುಎಂಐ ಮೂಲಕ, ಲಿನಕ್ಸ್ ಸರ್ವರ್‌ಗಳನ್ನು ಎಸ್‌ಎಸ್‌ಎಚ್ ಮೂಲಕ ಮಾತಾಡಿಸುತ್ತದೆ. ಸೂಕ್ತ ಲಾಗಿನ್ ಕೊಟ್ಟಿದ್ದರೆ ಮಾಡೆಲ್, ಸೀರಿಯಲ್ ನಂಬರ್, ರ್‍ಯಾಮ್, ಇನ್‌ಸ್ಟಾಲ್ ಆಗಿರುವ ತಂತ್ರಾಂಶಗಳ ವಿವರ ಸಿಗುತ್ತದೆ.

ದಾಖಲಿಸುವಾಗ ಐಪಿ ವಿಳಾಸವೊಂದನ್ನೇ ನಂಬುವಂತಿಲ್ಲ, ಅದು ಬದಲಾಗುತ್ತಿರುತ್ತದೆ. ಮ್ಯಾಕ್ ವಿಳಾಸವೂ ವೈಫೈಗೊಂದು, ಕೇಬಲ್‌ಗೊಂದು. ಹಾಗಾಗಿ ಸೀರಿಯಲ್ ನಂಬರ್ ತಾಳೆ ನೋಡಿ, ಹಳೆಯ ದಾಖಲೆ ಇದ್ದರೆ ತಿದ್ದುತ್ತದೆ, ಇಲ್ಲದಿದ್ದರೆ ಹೊಸದನ್ನು ಸೇರಿಸುತ್ತದೆ. ಒಂದೇ ಯಂತ್ರ ಎರಡು ಸಲ ಲೆಕ್ಕಕ್ಕೆ ಬರುವುದು ತಪ್ಪುವುದು ಹೀಗೆ.

ಆದರೆ ಆಫ್ ಮಾಡಿ ಬೀರುವಿನಲ್ಲಿಟ್ಟ ಲ್ಯಾಪ್‌ಟಾಪ್ ಈ ಹುಡುಕಾಟಕ್ಕೆ ಸಿಗುವುದಿಲ್ಲ. ಅದನ್ನು ಎಣಿಸಲು ಈಗಲೂ ಮನುಷ್ಯರೇ ಬೇಕು.